ಲಿಯಾಂಡರ್ ಅವರ ಪಿಕಪ್ಪಿನ ಹೊಳಪು

ನಾನು ಈ ಊರಿನ ಶಾಲೆಗೆ ಬಂದ ದಿನವೇ ಒಬ್ಬರ ಶನಿವಾರವನ್ನು ಹಾಳುಮಾಡಿದೆ. ಆಗ ನಮ್ಮ ಬೀದಿ ಇನ್ನೂ ಜಲ್ಲಿಯದು. ಪಶ್ಚಿಮ ಕಾನ್ಸಾಸಿನಲ್ಲಿ ಗೋಧಿ ಕೊಯ್ಲು ಮುಗಿದ ಮೇಲೆ ನೆಲದಲ್ಲಿ ಉಳಿಯುವುದು ಕೂಳೆ ಮತ್ತು ಧೂಳು ಎರಡೇ. ತಿರುವಿನಲ್ಲಿ ನನ್ನ ಕಾರು ಎಬ್ಬಿಸಿದ ಧೂಳು ನನಗಿಂತ ಮೊದಲೇ ಬಾಡಿಗೆ ಮನೆಯನ್ನು ಸೇರಿತು. ಅದು ತಿಳಿಯಾದಾಗ ಎದುರುಮನೆಯ ಮುಂದೆ ಕಡುನೀಲಿ ಬಣ್ಣದ ಪಿಕಪ್ ಒಂದು ಕಂಡಿತು. ಅದರ ಪಕ್ಕದಲ್ಲಿ ಮೆತ್ತನೆಯ ಬಟ್ಟೆ ಹಿಡಿದ ಎತ್ತರದ ಮನುಷ್ಯರೊಬ್ಬರು ನಿಂತಿದ್ದರು. ಅವರು ಆಗತಾನೇ ಮೇಣ ಹಚ್ಚಿ ಉಜ್ಜಿ ಮುಗಿಸಿದ್ದರು. ಬಾನೆಟ್ಟಿನ ಮೇಲೆ ಧೂಳು ನಿಧಾನವಾಗಿ ಕೂರುವುದನ್ನು ಇಬ್ಬರೂ ನೋಡಿದೆವು.

“ಹೊಸ ಟೀಚರಾ?” ಎಂದು ಕೇಳಿದರು.

“ಹೌದು. ಕ್ಷಮಿಸಬೇಕು, ನಾನು ನೋಡ್ಲಿಲ್ಲ...”

“ಧೂಳಿಗೇನು, ಅದು ನಿಮಗಿಂತ ಮುಂಚೆಯಿಂದ ಈ ಊರಲ್ಲಿದೆ. ಆದ್ರೆ ಬೆಳಿಗ್ಗೆ ರೈತರ ಸೊಸೈಟಿ ಹತ್ರ ನಾನು ನಿಮಗೆ ಬೆರಳೆತ್ತಿದೆ. ನೀವು ಎತ್ಲಿಲ್ಲ.”

ನನಗೆ ಅರ್ಥವಾಗಲಿಲ್ಲ. ಅವರು ಇಲ್ಲದ ಸ್ಟಿಯರಿಂಗನ್ನು ಗಾಳಿಯಲ್ಲಿ ಹಿಡಿದು ತೋರಿಸಿದರು.

“ಕೈ ಬಿಡ್ಬಾರ್ದು. ಬರೀ ಎರಡು ಬೆರಳು ಮೇಲಕ್ಕೆ, ಹೀಗೆ. ಎದುರಿಗೆ ಬಂದೋರು ಪರಿಚಯ ಇರ್ಲಿ ಬಿಡ್ಲಿ. ಇಲ್ಲಾಂದ್ರೆ ಮಧ್ಯಾಹ್ನದೊಳಗೆ ಊರೆಲ್ಲ ‘ಹೊಸ ಟೀಚರಿಗೆ ಕೊಬ್ಬು’ ಅಂತಾರೆ.”

“ಈಗಾಗ್ಲೇ ಅಂದ್ರಾ?”

“ಬೆಳಗಿನ ಕಾಫಿ ಆರೋ ಮುಂಚೇನೇ ಅಂದಾಯ್ತು.”

ಹೀಗೆ ಹೇಳಿ ಅವರು ಪೈಪನ್ನು ಎತ್ತಿಕೊಂಡು ಮೊದಲಿನಿಂದ ತೊಳೆಯಲು ತೊಡಗಿದರು. ಅವರೇ ಲಿಯಾಂಡರ್ ವಾಸಿಂಗರ್. ಹಳ್ಳಿಗಾಡಿನ ಮನೆಮನೆಗೆ ಒಲೆಯ ಗ್ಯಾಸು ತುಂಬಿಕೊಡುವ ಲಾರಿಯನ್ನು ಓಡಿಸುವುದು ಅವರ ಕೆಲಸವಾಗಿತ್ತು. ಹಿಮ ಬಿದ್ದು ರಸ್ತೆ ಹೊಲ ಒಂದೇ ಆದ ದಿನಗಳಲ್ಲಿಯೂ ಅವರ ಲಾರಿ ಹಳ್ಳಕ್ಕೆ ಇಳಿದದ್ದಿಲ್ಲ. ‘ಲಿಯಾಂಡರನಿಗೆ ದಾರಿ ಕಾಣುವುದು ಅಂಗಾಲಿನಲ್ಲಿ’ ಎಂದು ಜನ ಹೇಳುತ್ತಿದ್ದರು. ಆಗ ಅದು ಬರಿಯ ಹೊಗಳಿಕೆಯಾಗಿತ್ತು.

ಲಾರಿ ಕಂಪನಿಯದು, ಪಿಕಪ್ ಮಾತ್ರ ಅವರದು. ಶನಿವಾರ ಗಾಳಿ ಅಡಗಿದ ಹೊತ್ತು ನೋಡಿ ಅದನ್ನು ಮನೆಯ ನೆರಳಿಗೆ ತಂದು ನಿಲ್ಲಿಸುವರು. ಬಿಸಿಲಲ್ಲಿ ಕಾದ ತಗಡಿಗೆ ಅವರು ನೀರು ಸೋಕಿಸಿದವರಲ್ಲ. ಒಂದು ಬಕೆಟ್ಟಿನಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರಿಯ ನೀರು. ಉಣ್ಣೆಯ ಕೈಗವಸನ್ನು ಮೊದಲು ಬರಿಯ ನೀರಿನಲ್ಲಿ ಜಾಲಿಸಿ, ಆಮೇಲೆ ಸೋಪಿಗೆ ಅದ್ದುವರು. ಮಾಡಿನಿಂದ ಕೆಳಕ್ಕೆ ಬರಬೇಕು, ಗಾಲಿಗಳು ಕೊನೆಗೆ. ತೊಳೆದು ಒರೆಸಿದ ಮೇಲೆ ಬ್ರೆಡ್ಡಿನ ತೆಳು ಪ್ಲಾಸ್ಟಿಕ್ ಚೀಲವನ್ನು ಕೈಗೆ ತೊಟ್ಟು, ಬಣ್ಣದ ಮೇಲೆ ಬೆರಳಾಡಿಸುವರು. ಬರಿಗೈಗೆ ನುಣುಪೆನಿಸುವುದು ಆ ಚೀಲದೊಳಗಿನ ಬೆರಳಿಗೆ ಮರಳುಕಾಗದದಂತೆ ತಿಳಿಯುತ್ತದೆ. ಹಾಗೆ ಸಿಕ್ಕ ಒರಟನ್ನೆಲ್ಲ ಕೊಳೆ ಎಳೆಯುವ ಮೆತ್ತನೆಯ ಜೇಡಿಯ ಉಂಡೆಯಿಂದ ತೆಗೆದು, ಗೀರಿದ್ದಲ್ಲಿ ಪಾಲಿಶ್ ಹಾಕಿ, ತೆಳ್ಳಗೆ ಮೇಣ ಹಚ್ಚಿ, ಮಂಜು ಕವಿದಂತೆ ಆದಾಗ ಹೆಂಡತಿಯ ಹಳೆಯ ಫ್ಲಾನೆಲ್ ಅಂಗಿಯಿಂದ ಉಜ್ಜುವರು.

ಈ ಪೂಜೆಗೆ ಮೊದಲು ಅವರು ಬೆಲ್ಟು, ಗಡಿಯಾರ, ಮದುವೆಯ ಉಂಗುರ ಎಲ್ಲವನ್ನೂ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದರು. ಲೋಹ ತಗಲಿ ಗೀರು ಬಿದ್ದೀತೆಂಬ ಭಯ. ಅವರ ಹೆಂಡತಿ ವಿಲ್ಮಾ ಒಳಗಿನಿಂದಲೇ ಕೂಗುವಳು: “ನೋಡಿ ಟೀಚರ್, ಅವಳ ಹತ್ರ ಹೋಗುವಾಗ ಉಂಗುರ ಬಿಚ್ಚಿಟ್ಟು ಹೋಗ್ತಾರೆ!”

“ಅವಳು ನನ್ನ ಅಡುಗೇನ ಯಾವತ್ತೂ ಆಡಿಕೊಂಡಿಲ್ಲ,” ಎಂದು ಇವರು ಗೊಣಗುವರು.

“ನೀವು ಅಡುಗೆ ಮಾಡಿದ್ದು ಯಾವತ್ತು?”

ವಿಲ್ಮಾ ತೀರಿಕೊಂಡು ಎಷ್ಟೋ ವರ್ಷಗಳಾದವು. ಆ ಫ್ಲಾನೆಲ್ ಅಂಗಿ ಮಾತ್ರ ಹಾಗೆಯೇ ಉಳಿಯಿತು.

ನಮ್ಮ ಕಡೆ ಮನುಷ್ಯನನ್ನು ಅಳೆಯುವುದು ಅವನ ಗಾಡಿಯಿಂದ. ಗಾಡಿ ಕೊಳಕಾಗಿದ್ದರೆ ‘ಮನೆಯಲ್ಲಿ ಏನೋ ಸರಿಯಿಲ್ಲ’ ಎನ್ನುತ್ತಾರೆ. ಹೊಳೆಯುತ್ತಿದ್ದರೆ ಯಾರೂ ಏನನ್ನೂ ಕೇಳುವುದಿಲ್ಲ. ಲಿಯಾಂಡರ್ ಅವರ ಪಿಕಪ್ ಜಿಲ್ಲೆಗೆಲ್ಲ ಹೆಚ್ಚು ಹೊಳೆಯುವ ಗಾಡಿಯಾಗಿತ್ತು. ಆ ಹೊಳಪೇ ಮುಂದೆ ಊರಿನ ಕಣ್ಣು ಕಟ್ಟಿತು.

ಅವರೂ ನಾನೂ ನಿವೃತ್ತರಾದ ಮೇಲೆ ಅವರ ಮಗಳು ಟ್ವೈಲಾ ಗಂಡನನ್ನು ಬಿಟ್ಟು, ಪುಟ್ಟ ಮಗಳು ಬ್ರಿನ್‌ಳನ್ನು ಕರೆದುಕೊಂಡು ತವರಿಗೆ ಬಂದಳು. ಟ್ವೈಲಾ ನನ್ನ ಶಿಷ್ಯೆ. ಅವಳಿಗೆ ದೂರದ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸಿನ ಕೆಲಸ ಸಿಕ್ಕಿತು. ಬೆಳಗಾಗುವ ಮೊದಲೇ ಹೊರಡಬೇಕಿತ್ತು. ಶಾಲೆಗೆ ಹೋಗುವವರು ಗೋಧಿ ಲಾರಿಗಳು ಹಾಯುವ ಹೆದ್ದಾರಿಯನ್ನು ದಾಟಬೇಕು, ನಮ್ಮ ಬೀದಿಗೆ ಶಾಲೆಯ ಬಸ್ಸಿಲ್ಲ. ಆದ್ದರಿಂದ ಮಗುವನ್ನು ಬಿಡುವುದು, ಕರೆತರುವುದು ಅಜ್ಜನ ಪಾಲಿಗೆ ಬಂತು. ಅದರ ಬಲದಿಂದಲೇ ತಾಯಿ ಮಗಳು ಆ ಮನೆಯಲ್ಲಿ ಉಳಿದಿದ್ದರು. ಇಲ್ಲವಾದರೆ ಟ್ವೈಲಾಳ ಗೆಳತಿಯೊಬ್ಬಳು ವಿಚಿಟಾ ನಗರದಲ್ಲಿ ಕೆಲಸ, ಮನೆ ಎರಡನ್ನೂ ನೋಡಿಟ್ಟು ಕರೆಯುತ್ತಲೇ ಇದ್ದಳು.

ಮೊದಲು ನಾನು ಗಮನಿಸಿದ್ದು ಅವರ ನೋಟವನ್ನು. ಮಾತನಾಡುವಾಗ ಅವರು ನನ್ನ ಮುಖವನ್ನು ಬಿಟ್ಟು ಕಿವಿಯ ಆಚೆಗೆ ನೋಡುತ್ತಿದ್ದರು. ಯಾರೋ ಹಿಂದೆ ಬಂದು ನಿಂತಿದ್ದಾರೇನೋ ಎಂದು ನಾನು ಒಂದೆರಡು ಸಲ ತಿರುಗಿಯೂ ನೋಡಿದೆ. ಆಮೇಲೆ ಗಾಡಿಯ ಬಲಮಗ್ಗುಲಿನ ಗೀರುಗಳು. ಒಂದು ಶನಿವಾರ ಹಳದಿ ಗೆರೆ, ಇನ್ನೊಂದು ಶನಿವಾರ ಬಿಳಿಯ ಬಣ್ಣ ತೀಡಿದ ಗುರುತು. ಅವರು ಆ ಒಂದೇ ಮಗ್ಗುಲಿನ ಮುಂದೆ ಮಂಡಿಯೂರಿ ಬಹಳ ಹೊತ್ತು ಪಾಲಿಶ್ ಉಜ್ಜುವರು. ಏಳುವ ಹೊತ್ತಿಗೆ ಗೆರೆ ಮಾಯವಾಗಿರುತ್ತಿತ್ತು.

“ಎಲ್ಲಿ ತಗಲಿತು?” ಎಂದೆ ಒಮ್ಮೆ.

“ಸೊಸೈಟಿ ಮುಂದಿನ ಕಂಬ. ಅದನ್ನ ಮೊನ್ನೆ ಯಾರೋ ಜರುಗಿಸಿದ್ದಾರೆ.”

ಆ ಕಂಬ ನಾನು ಈ ಊರಿಗೆ ಬಂದಾಗಲೂ ಅಲ್ಲಿಯೇ ಇತ್ತು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ನಾನು ಕಾರನ್ನು ಅಂಚೆ ಕಚೇರಿಯ ಮುಂದೆ ನಿಲ್ಲಿಸಿ, ಅಂಚೆ ತೆಗೆದುಕೊಂಡು ಹೊರಗೆ ಬಂದೆ. ಲಿಯಾಂಡರ್ ಅವರ ಪಿಕಪ್ ಬರುತ್ತಿತ್ತು. ನಾನು ರಸ್ತೆಯ ಅಂಚಿನಲ್ಲಿ ನಿಂತು ಕೈ ಬೀಸಿದೆ. ಅವರು ನನ್ನನ್ನು ನೋಡಲಿಲ್ಲ. ಮುಂದೆ ಹೋಗಿ, ಯಾರೂ ಇಲ್ಲದ ನನ್ನ ಕಾರಿಗೆ ಮರ್ಯಾದೆಯಿಂದ ಎರಡು ಬೆರಳೆತ್ತಿದರು. ಪಕ್ಕದ ಸೀಟಿನಲ್ಲಿ ಬ್ರಿನ್ ಇದ್ದಳು.

ಅವರ ಗಾಡಿ ಹೆದ್ದಾರಿಯನ್ನು ದಾಟುವವರೆಗೂ ನಾನು ಅಂಚೆ ಹಿಡಿದುಕೊಂಡು ನೋಡುತ್ತಾ ನಿಂತೆ.

ಅಂದು ಸಂಜೆ ಅವರ ಬಳಿ ಹೋಗಿ, “ಲಿಯಾಂಡರ್, ನಿಮಗೆ ನನ್ನ ಮುಖ ಕಾಣುತ್ತಾ?” ಎಂದು ನೇರವಾಗಿ ಕೇಳಿದೆ.

ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

“ನಡುವೆ ಒಂದು ತೂತು ಬಿದ್ದಿದೆ ಟೀಚರ್. ನಿಮ್ಮ ತಲೆ ಮೇಲಿನ ಮರ ಕಾಣುತ್ತೆ. ಕಾಲ ಕೆಳಗಿನ ಹುಲ್ಲು ಕಾಣುತ್ತೆ. ಮುಖ ಇರ್ಬೇಕಾದ ಜಾಗದಲ್ಲಿ ಹೊಗೆ.”

“ಡಾಕ್ಟರು?”

“ದಿನೇ ದಿನೇ ದೊಡ್ಡದಾಗುತ್ತೆ ಅಂದ್ರು. ಓಡಿಸ್ಬೇಡ ಅಂದ್ರು. ಈ ರಸ್ತೆಗಳು ನನಗೆ ಬಾಯಿಪಾಠ ಟೀಚರ್.”

“ರಸ್ತೆ ಬಾಯಿಪಾಠ ಆಗಿರ್ಬಹುದು. ರಸ್ತೆಗೆ ಅಡ್ಡ ಬರೋ ಮಕ್ಕಳು?”

ಅವರು ಮೆಟ್ಟಿಲ ಮೇಲೆ ಕುಳಿತರು. “ಟ್ವೈಲಾಗೆ ಗೊತ್ತಾದ್ರೆ ಮಗೂನ ಕರಕೊಂಡು ವಿಚಿಟಾಗೆ ಹೋಗ್ತಾಳೆ. ಈ ಮನೇಲಿ ಇನ್ನೇನಿದೆ ಹೇಳಿ, ನೋಡೋಕೆ?” ಎಂದರು.

“ನಾನು ಕರಕೊಂಡು ಹೋಗ್ತೀನಿ ಬ್ರಿನ್‌ನ. ನನಗೇನು ಕೆಲಸ?”

“ನನ್ನ ಮೊಮ್ಮಗಳು. ನನ್ನ ಗಾಡಿ,” ಎಂದು ಅವರು ಎದ್ದು ಒಳಗೆ ಹೋದರು.

ನಾನು ಟ್ವೈಲಾಳಿಗೆ ಹೇಳಿಯೇಬಿಟ್ಟೆ. ಅವಳು ದಣಿದು ಬಂದಿದ್ದಳು. ನನ್ನ ಮಾತನ್ನು ಪೂರ್ತಿಯಾಗಿ ಕೇಳಿ, ಪಿಕಪ್ಪಿನ ಬಾಗಿಲಿನ ಮುಂದೆ ನನ್ನನ್ನು ಕರೆದೊಯ್ದಳು.

“ನೋಡಿ ಟೀಚರ್, ಇದರಲ್ಲಿ ನನ್ನ ಕಣ್ಣಿನ ಕೆಳಗಿನ ಕಪ್ಪೂ ಕಾಣ್ತಾ ಇದೆ. ಕಣ್ಣು ಕಾಣದೋರು ಮಾಡೋ ಕೆಲಸಾನಾ ಇದು?”

“ಇದು ಕಣ್ಣಿನ ಕೆಲಸ ಅಲ್ಲಮ್ಮ. ಬೆರಳಿನ ಕೆಲಸ.”

“ಅಪ್ಪನ್ನ ಮೊನ್ನೇನೇ ಕೇಳಿದೆ. ಕನ್ನಡಕ ಬದಲಾಯಿಸ್ತಾ ಇದ್ದಾರಂತೆ, ಅಷ್ಟೇ. ನೀವು ಮೊದಲಿಂದಲೂ ಹೀಗೇ ಟೀಚರ್, ಮಕ್ಕಳ ಜೇಬಲ್ಲಿ ಪೆನ್ಸಿಲ್ ಇದ್ರೂ ಕಣ್ಣಿಗೆ ಚುಚ್ಚುತ್ತೆ ಅಂತಿದ್ರಿ.”

ಅವಳು ನಕ್ಕಳು, ಆದರೆ ಆ ನಗುವಿನಲ್ಲಿ ಸುಸ್ತೇ ಹೆಚ್ಚಾಗಿತ್ತು. ನಂಬಿದರೆ ಅವಳ ಬದುಕನ್ನೆಲ್ಲ ಮತ್ತೆ ಕಟ್ಟಬೇಕಾಗಿತ್ತು. ಹೊಳೆಯುವ ಬಾಗಿಲನ್ನು ನಂಬುವುದು ಸುಲಭ.

ಅಂದಿನಿಂದ ನಾನು ಬೆಳಿಗ್ಗೆ, ಮಧ್ಯಾಹ್ನ ಅವರ ಪಿಕಪ್ಪಿನ ಹಿಂದೆ ನನ್ನ ಕಾರನ್ನು ಓಡಿಸತೊಡಗಿದೆ. ಏನಾದರೂ ಆದರೆ ನಾನು ಹಿಂದಿನಿಂದ ಮಾಡುವುದಾದರೂ ಏನಿತ್ತು? ಆದರೂ ಮನೆಯಲ್ಲಿ ಕುಳಿತಿರಲು ಆಗುತ್ತಿರಲಿಲ್ಲ. ನುಣ್ಣನೆಯ ಆ ನೀಲಿ ಬೆನ್ನಿನಲ್ಲಿ ಇಡೀ ಆಕಾಶ, ಗೋಧಿ ಕಣಜದ ಬಿಳಿಯ ಗೋಪುರ, ನನ್ನ ಕಾರು ಎಲ್ಲವೂ ಕಾಣುತ್ತಿದ್ದವು. ಒಳಗಿನಿಂದ ಎರಡು ಬೆರಳು ಏಳುತ್ತಿದ್ದವು, ಟ್ರ್ಯಾಕ್ಟರಿಗೆ, ಲಾರಿಗೆ, ಒಂದು ಸಲ ಗಾಳಿಗೆ ಉರುಳಿ ಬಂದ ಒಣಮುಳ್ಳಿನ ಪೊದೆಗೆ.

ಅಕ್ಟೋಬರಿನಲ್ಲಿ ಶಾಲೆಯ ಫುಟ್‌ಬಾಲ್ ಹಬ್ಬ. ಅಂದು ಪೇಟೆಬೀದಿಯಲ್ಲಿ ಮೆರವಣಿಗೆ ಹೊರಡುತ್ತದೆ. ಮುಂದೆ ಮಕ್ಕಳ ಬ್ಯಾಂಡು, ಅದರ ಬೆನ್ನಿಗೇ ಲಿಯಾಂಡರ್ ಅವರ ಪಿಕಪ್. ಪ್ರತಿವರ್ಷ ಅದಕ್ಕೇ ಆ ಗೌರವ. ಹಿಂದಿನ ತೊಟ್ಟಿಯಲ್ಲಿ ಹುಲ್ಲಿನ ಪಿಂಡಿಗಳ ಮೇಲೆ ಕುಳಿತ ಮಕ್ಕಳು ಮಿಠಾಯಿಗಳನ್ನು ಎಸೆಯುತ್ತಾರೆ. ಎರಡೂ ಬದಿಯ ಚಿಕ್ಕ ಮಕ್ಕಳು ಅದನ್ನು ಆಯಲು ಗಾಡಿಯ ಮುಂದೆ ನುಗ್ಗುತ್ತಾರೆ. ಹಿಂದೆಲ್ಲ ನಾನು ಅದನ್ನು ನೋಡಿ ಸಂತೋಷಪಟ್ಟವಳೇ. ಆ ವರ್ಷ ಅದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ.

ಮೆರವಣಿಗೆಯ ಯಜಮಾನಿಕೆ ಸೊಸೈಟಿಯ ಮ್ಯಾನೇಜರ್ ಎಲ್ಡನ್‌ನದು. ಅವನೂ ನನ್ನ ಶಿಷ್ಯ. ಅಲ್ಲಿ ಬೆಳಗಿನ ಕಾಫಿಗೆ ಸೇರಿದ ಗಂಡಸರ ಎದುರಿಗೆ ಹೋಗಿ, “ಈ ಸಲ ಲಿಯಾಂಡರ್ ಗಾಡಿ ಓಡಿಸೋದು ಬೇಡ, ಅವರಿಗೆ ಕಣ್ಣು ಕಾಣ್ತಿಲ್ಲ” ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು.

“ಕಾಣಲ್ವಾ? ಇವತ್ತು ಬೆಳಿಗ್ಗೆ ನನಗೆ ಬೆರಳೆತ್ತಿದ್ರಲ್ಲ ಟೀಚರ್!” ಎಂದ ಎಲ್ಡನ್.

“ನನಗೂ ಎತ್ತಿದ.”

“ನನಗೆ ನಿನ್ನೆ ಎರಡು ಸಲ.”

“ಎಲ್ಡನ್, ಅವರು ಎಲ್ಲದಕ್ಕೂ ಎತ್ತುತ್ತಾರಪ್ಪ. ನನ್ನ ಖಾಲಿ ಕಾರಿಗೂ ಎತ್ತಿದರು.”

“ನಿಮ್ಮ ಕಾರಿಗೆ ನಿಮಗಿಂತ ಮರ್ಯಾದೆ ಹೆಚ್ಚು ಬಿಡಿ,” ಎಂದು ಮೂಲೆಯಿಂದ ಯಾರೋ ಅಂದರು. ಮತ್ತೆ ನಗು. “ಆ ಗಾಡಿ ನೋಡಿ ಟೀಚರ್. ಕಣ್ಣು ಹೋದೋನ ಗಾಡಿ ಹಾಗಿರುತ್ತಾ?”

ಶನಿವಾರ ಬಂದಿತು. ಮೆರವಣಿಗೆ ಮಧ್ಯಾಹ್ನಕ್ಕೆ. ಗಾಳಿ ಸಂಪೂರ್ಣ ನಿಂತಿತ್ತು. ನಮ್ಮ ಊರಿನಲ್ಲಿ ಗಾಳಿ ಹಾಗೆ ನಿಂತರೆ ಹಕ್ಕಿಗಳೂ ಸುಮ್ಮನಾಗುತ್ತವೆ. ಟ್ವೈಲಾ ಕೆಲಸಕ್ಕೆ ಹೋಗಿದ್ದಳು. ಲಿಯಾಂಡರ್ ಉಂಗುರವನ್ನು ಕಟ್ಟೆಯ ಮೇಲಿಟ್ಟು ಕೆಲಸಕ್ಕೆ ತೊಡಗಿದ್ದರು. ನಾನು ನಿಶ್ಚಯಿಸಿಕೊಂಡೇ ಹೋಗಿ ಅವರ ಮನೆಯ ಮೆಟ್ಟಿಲ ಮೇಲೆ ಕುಳಿತೆ. ಇಂದು ಈ ಗಾಡಿ ಹೊರಡುವುದಾದರೆ ಅದರ ಮುಂದೆ ನಾನು ಮಲಗುವುದೆಂದು ತೀರ್ಮಾನ ಮಾಡಿದ್ದೆ.

“ಬೀಗರ ಥರ ಬಂದು ಕೂತಿದ್ದೀರಿ,” ಎಂದರು ಲಿಯಾಂಡರ್.

“ಬೀಗರಾದರೆ ಕಾಫಿ ಕೊಡ್ತಿದ್ರಿ.”

ಅವರು ನಗಲಿಲ್ಲ. ಮಾಡು, ಬಾನೆಟ್, ಎಡಮಗ್ಗುಲು ಮುಗಿದಿದ್ದವು. ಬಲಗಡೆ ಹಚ್ಚಿದ ಮೇಣ ಮಂಜುಗಟ್ಟುತ್ತಿತ್ತು. ಅವರು ಬ್ರೆಡ್ಡಿನ ಚೀಲ ತೊಟ್ಟ ಕೈಯನ್ನು ಮುಂದಿನ ಬಂಪರಿನ ಕೆಳತುಟಿಯ ಮೇಲೆ ಆಡಿಸುತ್ತಾ ಬಂದವರು ಒಂದು ಕಡೆ ನಿಂತರು. ಚೀಲವನ್ನು ಬಿಚ್ಚಿ, ಬರಿಯ ಬೆರಳನ್ನು ಸಂದಿನೊಳಗೆ ಹಾಕಿ ಏನನ್ನೋ ಕಿತ್ತರು. ಕಣ್ಣಿನ ಹತ್ತಿರ ತಂದರು, ಪಕ್ಕಕ್ಕೆ ಹಿಡಿದರು, ಮುಖವನ್ನು ಓರೆಮಾಡಿದರು.

“ಟೀಚರ್. ಇಲ್ಲಿ ಬನ್ನಿ. ಇದೇನು ನೋಡಿ ಹೇಳಿ.”

ಅಂಗೈಯಲ್ಲಿ ಕೆಂಪು ಪ್ಲಾಸ್ಟಿಕ್ಕಿನ ಒಡೆದ ಚೂರು.

“ಗಾಡಿದೇ ದೀಪದ ಚೂರಿರ್ಬೇಕು, ಅಲ್ವಾ?” ಎಂದರು. ಅವರ ದನಿ ಬೇಡುತ್ತಿತ್ತು.

“ಅಲ್ಲ ಲಿಯಾಂಡರ್. ಸೈಕಲ್ಲಿಂದು. ಹಿಂದಿನ ಚಕ್ರದ ಮೇಲಿರುತ್ತಲ್ಲ, ಬೆಳಕು ಬಿದ್ರೆ ಹೊಳೆಯೋದು. ಚಿಕ್ಕ ಸೈಕಲ್ಲು.”

ಅವರು ಆ ಚೂರನ್ನು ಬೆರಳುಗಳಿಂದ ತಿರುವಿ ತಿರುವಿ ತಡವಿದರು.

“ಯಾರದ್ದು?”

ನಾನು ಊರಿನ ಮಕ್ಕಳನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿ, ಹಾಜರಿ ಕರೆದಂತೆ ಒಬ್ಬೊಬ್ಬರ ಹೆಸರನ್ನು ಕರೆದೆ. ಯಾರಿಗೂ ಪೆಟ್ಟಾದ ಸುದ್ದಿಯಿರಲಿಲ್ಲ. ಸುದ್ದಿ ಬರದೆ ಬಯಲಿನಲ್ಲಿ ಎಲ್ಲಿಯಾದರೂ...

“ಬ್ರಿನ್!” ಎಂದು ಅವರು ಕೂಗಿದರು. “ಬ್ರಿನ್!”

ದೂರದಲ್ಲಿ ಶಾಲೆಯ ಬ್ಯಾಂಡಿನ ಡೋಲು ಮಾತ್ರ ಕೇಳುತ್ತಿತ್ತು. ಪೈಪಿನಿಂದ ನೀರು ಸುಮ್ಮನೆ ಹರಿದು ಬೀದಿಗೆ ಇಳಿಯುತ್ತಿತ್ತು. ಅವರು ಎರಡೂ ಕೈ ಮುಂದೆ ಚಾಚಿಕೊಂಡು ಮನೆಯ ಕಡೆಗೆ ನಡೆದರು, ಬಕೆಟ್ಟನ್ನು ಎಡವಿದರು. ಅಷ್ಟು ವರ್ಷಗಳಲ್ಲಿ ಅವರು ಎಡವಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಶೆಡ್ಡಿನ ಹಿಂದಿನಿಂದ ಬ್ರಿನ್ ಬಂದಳು. ಮೆರವಣಿಗೆಯ ಅಂಗಿ ತೊಟ್ಟು, ಮಿಠಾಯಿಯ ಚೀಲವನ್ನು ತಬ್ಬಿಕೊಂಡಿದ್ದಳು. ಅಜ್ಜನ ಅಂಗೈಯಲ್ಲಿದ್ದುದನ್ನು ನೋಡಿ ಅಲ್ಲಿಯೇ ನಿಂತಳು.

“ಅದು ನಂದು,” ಎಂದಳು ಮೆಲ್ಲಗೆ.

ಶೆಡ್ಡಿನ ಹಿಂದೆ, ಗ್ಯಾಸಿನ ಟ್ಯಾಂಕಿನ ಆಚೆ, ಹಳೆಯ ಟಾರ್ಪಾಲಿನ ಕೆಳಗೆ ಅವಳ ಸೈಕಲ್ ಇತ್ತು. ಹಿಂದಿನ ಚಕ್ರ ಎರಡಾಗಿ ಮಡಿಸಿದ ರೊಟ್ಟಿಯಂತಾಗಿತ್ತು. ಅವಳೇ ಎಳೆದು ತಂದು ಮುಚ್ಚಿಟ್ಟಿದ್ದಳು.

“ಬುಧವಾರ ಸಂಜೆ ನೀನು ಸೊಸೈಟಿಯಿಂದ ಬಂದೆಯಲ್ಲ ಅಜ್ಜ, ಆಗ. ನಾನು ಅದರ ಮೇಲೆ ಕೂತಿರಲಿಲ್ಲ. ಚೈನು ಬಿದ್ದಿತ್ತು, ಇಳಿದು ಪಕ್ಕ ನಿಂತಿದ್ದೆ. ಕೈ ಎತ್ತಿ ‘ನಿಲ್ಸು’ ಅಂದೆ. ನೀನು ನನಗೆ ಎರಡು ಬೆರಳು ತೋರಿಸಿದೆ. ಆಮೇಲೆ ಅದರ ಮೇಲೆ ಹೋದೆ.”

“ನಾನು... ಕಟ್ಟಿಗೆ ತುಂಡು ಅಂದ್ಕೊಂಡೆ,” ಎಂದರು ಲಿಯಾಂಡರ್. “ಯಾಕೆ ಹೇಳ್ಲಿಲ್ಲ ಪುಟ್ಟಿ?”

“ಹೇಳಿದ್ರೆ ಅಮ್ಮ ವಿಚಿಟಾಗೆ ಹೋಗೋಣ ಅಂತಾಳೆ.”

ಆ ಮನೆಯಲ್ಲಿ ಮೂವರೂ ಒಂದೇ ಭಯವನ್ನು ಒಬ್ಬರಿಗೊಬ್ಬರು ಕಾಣದಂತೆ ಬಚ್ಚಿಟ್ಟುಕೊಂಡಿದ್ದರು. ಅದು ಆ ಗಳಿಗೆಯವರೆಗೆ ನನಗೆ ಹೊಳೆದಿರಲಿಲ್ಲ.

ಲಿಯಾಂಡರ್ ತಿರುಗಿ ಬಂದು, ಫ್ಲಾನೆಲ್ ಅಂಗಿಯನ್ನು ಎತ್ತಿಕೊಂಡು ಬಲಮಗ್ಗುಲಿನ ಮೇಣವನ್ನು ಉಜ್ಜಿ ಮುಗಿಸಿದರು. ಅರ್ಧಕ್ಕೆ ಬಿಟ್ಟರೆ ಕಲೆ ಕೂರುತ್ತದೆ. ಹೊಳಪು ಎಂದಿನಂತೆಯೇ ಬಂದಿತು. ಆಮೇಲೆ ಕಟ್ಟೆಯ ಮೇಲೆ ತಡವಿ ಉಂಗುರವನ್ನು ತೊಟ್ಟುಕೊಂಡರು. “ಟ್ವೈಲಾ ನಂಬರ್ ಒತ್ತಿ ಕೊಡಿ,” ಎಂದು ಫೋನನ್ನು ನನ್ನ ಕೈಗೆ ಕೊಟ್ಟರು.

ಗಾಡಿ ಬರಲಿಲ್ಲವೆಂದು ಎಲ್ಡನ್ ಓಡಿ ಬಂದ. “ಏನ್ರೀ ಇದು, ಬ್ಯಾಂಡು ಕಾಯ್ತಾ ಇದೆ!”

“ನನಗೆ ಕಣ್ಣು ಕಾಣಲ್ಲ ಎಲ್ಡನ್.”

“ತಮಾಷೆ ಮಾಡ್ಬೇಡಿ. ನಿನ್ನೆ ತಾನೇ ನನಗೆ ಬೆರಳೆತ್ತಿದ್ರಲ್ಲ?”

“ಅದು ನೀನಾ?” ಎಂದರು ಲಿಯಾಂಡರ್.

ಎಲ್ಡನ್ ಒಮ್ಮೆ ಗಾಡಿಯನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. ಆ ವರ್ಷದ ಮೆರವಣಿಗೆಯಲ್ಲಿ ಬ್ಯಾಂಡಿನ ಹಿಂದೆ ಒಂದು ಗಾಡಿಯಷ್ಟು ಜಾಗ ಖಾಲಿಯಾಗಿಯೇ ಸಾಗಿತು. ಅದನ್ನು ಮುಚ್ಚಲು ಯಾರಿಗೂ ತೋಚಲಿಲ್ಲ.

ಆ ಚಳಿಗಾಲವೆಲ್ಲ ಬ್ರಿನ್‌ಳನ್ನು ನಾನು ಶಾಲೆಗೆ ಬಿಟ್ಟೆ. ಆದರೆ ಟ್ವೈಲಾಳ ನಿದ್ದೆ ಹೋಗಿತ್ತು. ವಸಂತದಲ್ಲಿ ಅವಳು ಮಗಳನ್ನು ಕರೆದುಕೊಂಡು ವಿಚಿಟಾಕ್ಕೆ ಹೋದಳು. ತಂದೆಯನ್ನೂ ಕರೆದಳು. “ಅಲ್ಲಿ ಗಾಡಿ ತೊಳೆಯೋಕೆ ನೆರಳೆಲ್ಲಿದೆ?” ಎಂದು ಅವರು ಒಪ್ಪಲಿಲ್ಲ. ತಾಯಿ ಮಗಳು ತಿಂಗಳಿಗೊಮ್ಮೆ ಬರುತ್ತಾರೆ. ಬ್ರಿನ್ ಬಂದ ಕೂಡಲೇ ಪಿಕಪ್ಪಿನ ಸುತ್ತ ಒಂದು ಸುತ್ತು ಬಂದು, “ಇಲ್ಲೊಂದು ಬಿಟ್ಟಿದ್ದೀಯ ಅಜ್ಜ” ಎಂದು ಸುಳ್ಳೇ ಹೇಳುತ್ತಾಳೆ.

ಈಗಲೂ ಶನಿವಾರ ಗಾಳಿ ಅಡಗಿದ ಹೊತ್ತಿಗೆ ಲಿಯಾಂಡರ್ ಎರಡು ಬಕೆಟ್ಟುಗಳನ್ನು ಹೊರಗೆ ತರುತ್ತಾರೆ. ಹೊಗೆಯ ತೂತು ದೊಡ್ಡದಾಗಿ, ಈಗ ಅವರಿಗೆ ಕಾಣುವುದು ಅಂಚುಗಳು ಮಾತ್ರ. ಪಿಕಪ್ ಮಾತ್ರ ಮೊದಲಿಗಿಂತ ಹೆಚ್ಚು ಹೊಳೆಯುತ್ತದೆ. ಬೀಗದ ಕೈಯನ್ನು ಟ್ವೈಲಾ ತೆಗೆದುಕೊಂಡು ಹೋಗಿದ್ದಾಳೆ. ಆದರೆ ನಮ್ಮ ಊರಿನಲ್ಲಿ ಗಾಡಿಯ ಗಾಲಿಯ ಮೇಲಿನ ಕಮಾನಿನೊಳಗೆ ಅಯಸ್ಕಾಂತದಿಂದ ಇನ್ನೊಂದು ಬೀಗದ ಕೈಯನ್ನು ಅಂಟಿಸಿಡದ ಮನೆಯಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ಮೇಣ ಉಜ್ಜಿ ಮುಗಿದ ಮೇಲೆ ಅವರು ಒಳಗೆ ಕುಳಿತು ಇಂಜಿನ್ ಶುರುಮಾಡುತ್ತಾರೆ. “ನಿಲ್ಲಿಸಿಟ್ರೆ ಬ್ಯಾಟರಿ ಸಾಯುತ್ತೆ ಟೀಚರ್,” ಎನ್ನುತ್ತಾರೆ. ಅದು ನಿಜವೂ ಹೌದು. ಆ ಸದ್ದು ಕೇಳಿದಾಗ ನಾನು ಪಾತ್ರೆ ತೊಳೆಯುತ್ತಿದ್ದರೆ ಕೈ ನೀರಿನಲ್ಲಿಯೇ ನಿಲ್ಲುತ್ತದೆ. ಕಿಟಕಿಯ ಬಳಿ ಬಂದು ನಿಲ್ಲುತ್ತೇನೆ. ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಗಾಡಿ ಅಲುಗದೆ ಗುರುಗುಟ್ಟುತ್ತಿರುತ್ತದೆ.

ಅವರು ಎರಡೂ ಕೈಗಳಲ್ಲಿ ಸ್ಟಿಯರಿಂಗ್ ಹಿಡಿದು ನೇರವಾಗಿ ನೋಡುತ್ತಾ, ನನ್ನ ಕಿಟಕಿಯ ಕಡೆಗೆ ಎರಡು ಬೆರಳೆತ್ತುತ್ತಾರೆ. ನಾನು ಅಲ್ಲಿದ್ದೇನೆಯೋ ಇಲ್ಲವೋ ಅವರಿಗೆ ಕಾಣುವುದಿಲ್ಲ. ನಾನೂ ಎತ್ತುತ್ತೇನೆ. ಇಂಜಿನ್ನಿನ ಸದ್ದು ನಿಲ್ಲುವವರೆಗೂ ಇಳಿಸುವುದಿಲ್ಲ.